ನನ್ನ ಮದುವೆಗೆ ಮೂವತ್ತು ದಿನದ ನೋಟಿಸು

ಐವತ್ತಮೂರನೇ ವಯಸ್ಸಿನಲ್ಲಿ ನಾನು ಎರಡನೇ ಮದುವೆಯಾದೆ. ಗಂಡ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು, ಮಗಳು ಕೆಲಸಕ್ಕೆ ಸೇರಿದ್ದಳು. ನವಿ ಮುಂಬಯಿಯ ಘಣಸೋಲಿ ಸ್ಟೇಷನ್ನಿನಲ್ಲಿ ದಿನಾ ಬೆಳಿಗ್ಗೆ ನಾನು ಠಾಣೆಯ ರೈಲು ಹಿಡಿಯುತ್ತಿದ್ದೆ, ನಾನು ಈಗ ಮದುವೆಯಾದವರು ತುರ್ಭೆಯ ರೈಲು. ಅಲ್ಲಿಯ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದರು. ಮರಾಠಿ ಕ್ರೈಸ್ತರು, ಅವರ ಹೆಂಡತಿಯೂ ತೀರಿಕೊಂಡಿದ್ದರು. ಇಬ್ಬರೂ ದೇವರನ್ನು ಬದಲಾಯಿಸುವುದು ಬೇಡವೆಂದು ಸರ್ಕಾರಿ ಮದುವೆಯೇ ಸಾಕೆಂದುಕೊಂಡೆವು.

ನೋಂದಣಿ ಕಚೇರಿಯ ಗುಮಾಸ್ತ ಅರ್ಜಿ ತೆಗೆದುಕೊಂಡು, ನಮ್ಮ ಫೋಟೋ, ವಯಸ್ಸು, ಮನೆ ವಿಳಾಸವಿದ್ದ ಹಾಳೆಯನ್ನು ಹೊರಗಿನ ಬೋರ್ಡಿಗೆ ಅಂಟಿಸಿದ. ಮೂವತ್ತು ದಿನ ಅದು ಅಲ್ಲಿರಬೇಕು, ಯಾರು ಬೇಕಾದರೂ ತಕರಾರು ಹಾಕಬಹುದು.

ಮೂರನೇ ದಿನ ಸಂಜೆ ಗುರುತಿಲ್ಲದ ಇಬ್ಬರು ಬಾಗಿಲು ಬಡಿದರು. ಮೊಬೈಲಿನಲ್ಲಿ ಆ ಹಾಳೆಯ ಫೋಟೋ ಇತ್ತು.

"ಆಂಟೀ, ಯೇ ಆಪ್ ಹೀ ಹೋ ನಾ, ಇದು ನೀವೇ ಅಲ್ವಾ? ಯಾರಾದ್ರೂ ಜಬರ್‌ದಸ್ತಿ ಮಾಡ್ತಿದಾರಾ?" ಒಬ್ಬ ಹಿಂದಿ, ಕನ್ನಡ ಬೆರೆಸಿ ಕೇಳಿದ.

"ಜಬರ್‌ದಸ್ತಿ ಮಾಡ್ತಿರೋರು ನೀವು" ಎಂದು ಬಾಗಿಲು ಹಾಕಿದೆ. ಚಿಲಕವನ್ನೂ ಜಡಿದೆ.

ಅಲ್ಲಿಂದ ಅವರು ಅಕ್ಕಪಕ್ಕ ವಿಚಾರಿಸಿ, ಹತ್ತಿರದಲ್ಲೇ ಇದ್ದ ನನ್ನ ತಮ್ಮನ ಹೋಟೆಲಿಗೆ ಹೋದರಂತೆ. ಮರುದಿನ ತಮ್ಮ ಬಂದ. "ಎಂತ ಅಕ್ಕ ಇದು? ಗಿರಾಕಿಗಳ ಎದುರು ನಿನ್ನ ಫೋಟೋ ತೋರಿಸಿದ್ರು. ನಾನು ತಲೆ ಎತ್ತುವುದು ಹೇಗೆ?"

"ನನ್ನ ಮೇಲೆ ಯಾಕೆ ಸಿಟ್ಟು ಮಾರಾಯ? ಗೋಡೆಗೆ ಹಚ್ಚಿದ್ದು ನಾನಾ?"

ಅವನು ಕಾಫಿಯನ್ನೂ ಕುಡಿಯದೆ ಎದ್ದು ಹೋದ.

ರಜೆ ಹಾಕಿ ಕಚೇರಿಗೆ ಹೋದೆ. ವಿಳಾಸವನ್ನಾದರೂ ಮುಚ್ಚಿ ಎಂದೆ. ಅಧಿಕಾರಿ ಸಮಾಧಾನವಾಗಿ ಹೇಳಿದರು, "ಮ್ಯಾಡಮ್, ಇದು ನಿಮ್ಮ ಸುರಕ್ಷತೆಗಾಗಿಯೇ ಇರುವ ನಿಯಮ."

"ಆ ಇಬ್ಬರಿಗೆ ನನ್ನ ಮನೆ ತೋರಿಸಿದ್ದೇ ನಿಮ್ಮ ನಿಯಮ" ಎಂದೆ. ಅವರು ಮುಂದಿನವರನ್ನು ಕರೆದರು.

ಇಪ್ಪತ್ತೆರಡನೇ ದಿನ ತಕರಾರು ಬಂತು. ನಾನು ಕಂಡೇ ಇರದ ಮನುಷ್ಯನೊಬ್ಬ, ನನ್ನ ಮೊದಲ ಗಂಡ ಇನ್ನೂ ಬದುಕಿದ್ದಾನೆಂದು ಬರೆದುಕೊಟ್ಟಿದ್ದ. ಮರಣ ಪ್ರಮಾಣಪತ್ರ ಕಚೇರಿಯದೇ ಫೈಲಿನಲ್ಲಿತ್ತು. ಆದರೂ ವಿಚಾರಣೆ ಆಗಲೇಬೇಕಂತೆ. ಆಸ್ಪತ್ರೆಯಲ್ಲಿ ಆ ಜೀವದ ಕಾಲು ತಣ್ಣಗಾಗುವವರೆಗೂ ಹಿಡಿದು ಕೂತಿದ್ದವಳು ನಾನು. ಅವರು ತೀರಿಕೊಂಡದ್ದು ನಿಜವೆಂದು ಮತ್ತೆ ಸಹಿ ಮಾಡಿ ಹೇಳಬೇಕಿತ್ತು. ತಕರಾರು ಹಾಕಿದವನು ಎರಡು ಸಲ ಕರೆದರೂ ಬರಲಿಲ್ಲ. ಅವನನ್ನು ಯಾರೂ ಏನೂ ಕೇಳಲಿಲ್ಲ. ನನ್ನನ್ನು ಮಾತ್ರ ಕೇಳಿದರು: ಈ ವಯಸ್ಸಿನಲ್ಲಿ ಯಾಕೆ, ಮಗಳು ಒಪ್ಪಿದ್ದಾಳಾ?

ಜೊತೆಗೆ ಬಂದಿದ್ದ ಮಗಳು ಮರಾಠಿಯಲ್ಲಿ ಹೇಳಿದಳು, "ನನ್ನ ಒಪ್ಪಿಗೆ ಕೇಳೋಕೆ ಆಯೀ ಚಿಕ್ಕ ಹುಡುಗಿಯಲ್ಲ."

ಮೂವತ್ತೈದು ವರ್ಷದಿಂದ ಓಟು ಹಾಕುತ್ತಿದ್ದೇನೆ. ದೇಶವನ್ನು ಯಾರು ಆಳಬೇಕೆಂದು ಹೇಳಲು ನನಗೆ ಬುದ್ಧಿಯಿದೆಯೆಂದು ಒಪ್ಪುವ ಸರ್ಕಾರ, ನನ್ನ ಮನೆಯಲ್ಲಿ ಯಾರಿರಬೇಕೆಂದು ಹೇಳಲು ಇಡೀ ಊರನ್ನೇ ಕೇಳುತ್ತದೆ. ಎಲ್ಲ ಪಕ್ಷಗಳ ಆಡಳಿತವನ್ನೂ ಕಂಡಿದ್ದೇನೆ. ನಿಮ್ಮ ಬದುಕಿನಿಂದ ಕೈ ತೆಗೆಯುತ್ತೇವೆ ಎಂದು ಯಾರೂ ಓಟು ಕೇಳಿ ಬಂದದ್ದಿಲ್ಲ. ನಮ್ಮದು ನಮಗೆ ಬಿಡಿ ಎಂದರೆ ಅಷ್ಟು ದೊಡ್ಡ ಬೇಡಿಕೆಯೇ?

ಕೊನೆಗೆ ತಕರಾರು ಬಿದ್ದುಹೋಯಿತು. ಮದುವೆಯ ದಿನ ಮೂವರು ಸಾಕ್ಷಿಗಳು ಬೇಕಿತ್ತು. ಮಗಳು, ಆಫೀಸಿನ ಗೆಳತಿ ಇದ್ದರು. ಇನ್ನೊಬ್ಬರನ್ನು ಹುಡುಕುತ್ತಿರುವಾಗ ತಮ್ಮ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದು, ಪೆನ್ನು ತೆಗೆದುಕೊಂಡು ಸಹಿ ಮಾಡಿದ. ಅವನ ಭುಜ ಮುಟ್ಟಿದೆ. ಅಳು ಬಂತು.

ಅಧಿಕಾರಿ ನಗುತ್ತಾ ಶುಭಾಶಯ ಹೇಳಿದರು. ನಾನು ಪ್ರಮಾಣಪತ್ರ ತೆಗೆದುಕೊಂಡು ಹೊರಗೆ ನಡೆದೆ.

ಮೆಟ್ಟಿಲಿಳಿಯುವಾಗ ಇವರು ಕೇಳಿದರು, "ಎಲ್ಲ ಮುಗೀತಲ್ಲ, ಇನ್ನಾದ್ರೂ ಸಿಟ್ಟು ಬಿಡ್ತೀಯಾ?"

"ಇಲ್ಲ" ಎಂದೆ. ಇಂದಿಗೂ ಬಿಟ್ಟಿಲ್ಲ.