ಮೇಷ್ಟ್ರ ಸೈಕಲ್ಲಿಗೆ ದೊಡ್ಡ ಫ್ರೀವೀಲ್

ಕಳೆದ ವಾರ ಒಂದು ಬೆಳಿಗ್ಗೆ ನಾನು ಕಟ್ಟಿಕೊಂಡ ಗಂಡನನ್ನೇ ಕದ್ದು ಹಿಂಬಾಲಿಸಿದೆ. ಅವರು ಸೈಕಲ್ಲಿನಲ್ಲಿ, ನಾನು ಸ್ಕೂಟರಿನಲ್ಲಿ. (ನೀವು ಅಂದುಕೊಂಡ ಕಾರಣಕ್ಕಲ್ಲ. ಅಷ್ಟೆಲ್ಲ ಧೈರ್ಯ ಅವರಿಗಿಲ್ಲ.) ನನ್ನ ಬ್ಯಾಗಿನಲ್ಲಿ ನಾಲಿಗೆಯಡಿ ಇಡುವ ಮಾತ್ರೆ ಇತ್ತು.

ವಿಷಯ ಇಷ್ಟು. ನಮ್ಮ ಮನೆಯವರ ಎದೆಗೆ ಸ್ಟೆಂಟ್ ಹಾಕಿ ಒಂದು ಮಳೆಗಾಲ ಕಳೆದಿದೆ. ಊರಿಗೆ ಗೊತ್ತಿಲ್ಲ. ಶಿವಮೊಗ್ಗದಲ್ಲಿ ಮಗಳ ಮನೆಗೆ ಹೋಗಿದ್ದೆವು ಎಂದೇ ಎಲ್ಲರಿಗೂ ಹೇಳಿದ್ದು. ಯಾಕೆಂದರೆ ಅವರು ರಿಟೈರಾದ ಪಿ.ಟಿ. ಮೇಷ್ಟ್ರು. ಕಮ್ಮರಡಿ ಸುತ್ತಮುತ್ತ ಯಾರನ್ನು ಕೇಳಿದರೂ ಇವರ ವಿಸಿಲ್ಲಿಗೆ ಓಡಿದವರೇ. ಅಂಥ ಮೇಷ್ಟ್ರಿಗೇ ಏದುಸಿರು ಎಂದರೆ ಮರ್ಯಾದೆ ಏನಾಗಬೇಕು?

ಸೈಕಲ್ ಹೊಡೆಯಿರಿ, ಒಳ್ಳೆಯದು ಎಂದರು ಡಾಕ್ಟರು. ಆದರೆ ಸಮತಟ್ಟು ರಸ್ತೆಯಲ್ಲಿ ಮಾತ್ರ, ಎದೆ ಬಿಗಿದರೆ ಆ ಕ್ಷಣ ಇಳಿದುಬಿಡಬೇಕು ಎಂದೂ ಸೇರಿಸಿದರು. ಸಮತಟ್ಟು ರಸ್ತೆ! ಕೊಪ್ಪದಿಂದ ಶೃಂಗೇರಿಗೆ ಹೋಗಿ, ನರಸಿಂಹರಾಜಪುರಕ್ಕೆ ಹೋಗಿ, ಎಲ್ಲಿದೆ ತೋರಿಸಿ ನೋಡೋಣ. ನಮ್ಮ ಮನೆಯಿಂದ ಕಮ್ಮರಡಿ ಪೇಟೆಗೆ ಇಳಿದರೆ, ವಾಪಸು ಬರುವಾಗ ಏರು ಕಾದುಕೊಂಡೇ ಇರುತ್ತದೆ.

ಗೇರ್ ಸೈಕಲ್ ತಗೊಳ್ಳಿ ಎಂದೆ. ರೇಟು ಕೇಳಿಕೊಂಡು ಬಂದವರು ಗೇರಿನ ಹೆಸರೇ ಎತ್ತಬೇಡ ಎಂದರು. ಕೊನೆಗೆ ಪೇಟೆಯ ಸೈಕಲ್ ಶಾಪಿನ ಇಕ್ಬಾಲ್ ಅಗ್ಗದ ದಾರಿ ಹೇಳಿದ. ಹಿಂದಿನ ಚಕ್ರದಲ್ಲಿ ಹಲ್ಲಿನ ಬಿಲ್ಲೆ ಇರುತ್ತದಲ್ಲ, ಫ್ರೀವೀಲ್, ಅದನ್ನು ತೆಗೆದು ಹೆಚ್ಚು ಹಲ್ಲಿನ ದೊಡ್ಡದನ್ನು ಹಾಕುವುದು, ಚೈನಿಗೆ ಒಂದೆರಡು ಕೊಂಡಿ ಸೇರಿಸುವುದು. ಪೆಡಲ್ ಜಾಸ್ತಿ ತುಳಿಯಬೇಕು, ಸ್ಪೀಡ್ ಕಮ್ಮಿ, ಆದರೆ ಏರಿನಲ್ಲಿ ಕಾಲಿಗೆ ಹಗುರ. ಹಾಕಿಸಿದೆವು. ಒಂದು ಸುತ್ತು ಹೊಡೆದು ಬಂದ ಮೇಷ್ಟ್ರ ಮುಖ ನೋಡಬೇಕಿತ್ತು. ಇನ್ನು ಯಾವ ಏರಿಗೂ ಇಳಿಯುವ ಪ್ರಶ್ನೆಯೇ ಇಲ್ಲ ಎಂದು ಘೋಷಿಸಿದರು.

ಎಡವಟ್ಟಾಗಿದ್ದು ಅಲ್ಲೇ. ಎದೆಗೆ ಹಗುರವಾಗಲಿ ಎಂದು ನಾನು ಹಾಕಿಸಿದ್ದು. ಇಳಿಯದೇ ಇರಲಿಕ್ಕೆ ಎಂದು ಅವರು ಹಾಕಿಸಿಕೊಂಡದ್ದು.

ಅವರದ್ದೂ ಪೂರ್ತಿ ತಪ್ಪಲ್ಲ ಬಿಡಿ. ನಮ್ಮ ಕಡೆ ಸೈಕಲ್ ತಳ್ಳಿಕೊಂಡು ಹೋಗುವವರನ್ನು ಯಾರೂ ಸುಮ್ಮನೆ ಬಿಡುವುದಿಲ್ಲ. ಎಂತ, ಪಂಚರಾ? ಅಲ್ಲ ಎಂದಿರೋ, ಮುಗಿಯಿತು. ಹಾಗಾದರೆ ಸುಸ್ತಾ? ಯಾವ ಡಾಕ್ಟರಿಗೆ ತೋರಿಸಿದಿರಿ? ಬಿ.ಪಿ. ಎಷ್ಟಿದೆ? ಮೇಲೊಂದು ಕಷಾಯದ ರೆಸಿಪಿ. ಪ್ರೀತಿಯೇ, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕೆ ಹೆದರಿಯೇ ಅರ್ಧ ಜನ ಕಾಯಿಲೆ ಮುಚ್ಚಿಡುತ್ತಾರೆ.

ಒಂದು ದಿನ ಚಳಿಯ ಬೆಳಿಗ್ಗೆ ಇವರು ಅಂಗಿ ಪೂರ್ತಿ ಒದ್ದೆಯಾಗಿ ಮನೆಗೆ ಬಂದು, ಸೆಕೆ ಎಂದು ಮಲಗಿಬಿಟ್ಟರು. ಡಿಸೆಂಬರಿನಲ್ಲಿ ಎಂಥ ಸೆಕೆ? ಮರುದಿನವೇ ನಾನು ಸ್ಕೂಟರ್ ತೆಗೆದದ್ದು.

ಪೇಟೆಯಿಂದ ವಾಪಸು ಬರುವಾಗ ಏರಿನ ಮೊದಲ ಭಾಗ ಸಲೀಸಾಗಿ ಹತ್ತಿದರು. ಆಮೇಲೆ ಬೆನ್ನು ಬಾಗಿತು. ಸೀಟು ಬಿಟ್ಟು ಎದ್ದು ನಿಂತು ತುಳಿಯತೊಡಗಿದರು. ಹ್ಯಾಂಡಲ್ಲಿಗೆ ಸಿಕ್ಕಿಸಿದ ಹಾಲಿನ ಚೀಲ ಅತ್ತಿತ್ತ ಹೊಯ್ದಾಡುತ್ತಿತ್ತು. ಇಳೀರಿ, ಇಳೀರಿ ಎಂದು ನಾನು ಹಿಂದೆ ಗೊಣಗುತ್ತಿದ್ದೆ. ಹಾರ್ನ್ ಹೊಡೆದರೆ ಬೆಚ್ಚಿ ಬಿದ್ದರೆ? ಕೂಗಿದರೆ ಹಟಕ್ಕೆ ಇನ್ನೂ ಜೋರಾಗಿ ತುಳಿದರೆ? ಏರಿನ ತಲೆಯಲ್ಲಿ ಬಸ್ಸಿಗೆ ಕಾಯುತ್ತಿದ್ದ ನಾಲ್ಕೈದು ಜನ ಕಂಡರು. ಮೇಷ್ಟ್ರಿಗೂ ಆ ಜನ ಕಂಡಿರಬೇಕು, ಕಾಲಿನ ವೇಗ ಹೆಚ್ಚಿತು. ದೇವರೇ, ಈ ಮನುಷ್ಯನಿಗೆ ಬುದ್ಧಿ ಯಾವಾಗ ಬರುತ್ತದೆ?

ಇದ್ದಕ್ಕಿದ್ದಂತೆ ಸೈಕಲ್ ವಾಲಾಡಿ ನಿಂತಿತು. ಸ್ಟ್ಯಾಂಡ್ ಹಾಕಿದರು. ಹಾಗೇ ಹಿಂದಿನ ಚಕ್ರದ ಪಕ್ಕ ಕುಸಿದು ಕೂತರು.

ಹೋಯಿತು ಎಂದುಕೊಂಡೆ. ಸ್ಕೂಟರನ್ನು ಹೇಗೆ ಓಡಿಸಿದೆನೋ ಗೊತ್ತಿಲ್ಲ. ಹತ್ತಿರ ಹೋದರೆ ಸುಯ್ಯೆಂದು ಸದ್ದು. ಮುಖ ಬಿಳುಚಿಕೊಂಡಿದೆ, ಹಣೆಯಿಂದ ಬೆವರು ತೊಟ್ಟಿಕ್ಕುತ್ತಿದೆ, ಆದರೂ ವಾಲ್ವ್ ಬಿಚ್ಚಿ ಚಕ್ರದ ಗಾಳಿ ತೆಗೆಯುತ್ತಿದ್ದಾರೆ! ಅಷ್ಟರಲ್ಲಿ ಬಸ್ಸಿಗೆ ಕಾಯುತ್ತಿದ್ದ ಸತೀಶ ಇಳಿದು ಬಂದ. ಇವರ ಹಳೇ ಶಿಷ್ಯ.

"ಎಂತ ಸಾರ್, ಪಂಚರಾ?"

"ಹೂಂ ಮಾರಾಯ. ಮುಳ್ಳು ಚುಚ್ಚಿತು ಕಾಣ್ತದೆ."

ನಾನು ಬಾಯಿ ತೆರೆದೆ. ಇವರು ಕಣ್ಣಲ್ಲೇ ಬೇಡ ಎಂದರು. ಬೇಡಿಕೊಂಡರು ಎಂದರೇ ಸರಿ. ಸತೀಶ ಟೈರು ಒತ್ತಿ ನೋಡಲು ಬಗ್ಗಿದಾಗ ಮಾತ್ರೆಯನ್ನು ಅವರ ಬಾಯಿಗೆ ತುರುಕಿದೆ. ಸೈಕಲ್ಲನ್ನು ತಾನೇ ಇಕ್ಬಾಲನ ಅಂಗಡಿಗೆ ತಲುಪಿಸುತ್ತೇನೆಂದು ಸತೀಶ ತಳ್ಳಿಕೊಂಡು ಹೋದ, ಪಾಪ, ಬಸ್ಸು ಬಿಟ್ಟು. ಯಾರೋ ಜೀಪು ನಿಲ್ಲಿಸಿದರು, ಸ್ಕೂಟರನ್ನು ಅಲ್ಲೇ ಬಿಟ್ಟು, ಇವರನ್ನು ಹತ್ತಿಸಿಕೊಂಡು ನೇರ ಕೊಪ್ಪದ ಆಸ್ಪತ್ರೆಗೆ ಹೋದೆ. ದಾರಿಯುದ್ದಕ್ಕೂ ನನ್ನ ಕೈ ಹಿಡಿದಿದ್ದ ಅವರ ಕೈ ತಣ್ಣಗಿತ್ತು. ಜೀವಮಾನದಲ್ಲಿ ನಾನು ಅಷ್ಟು ಹೆದರಿದ್ದಿಲ್ಲ, ಅಷ್ಟು ಸಿಟ್ಟೂ ಬಂದಿದ್ದಿಲ್ಲ.

ಇ.ಸಿ.ಜಿ. ತೆಗೆದರು. ಈ ಸಲ ಪಾರು ಎಂದ ಡಾಕ್ಟರು, ಏರಿನಲ್ಲಿ ಇಳಿಯಲಿಕ್ಕೇನು ಕಷ್ಟ ಎಂದು ಬೈದರು. ಮೇಷ್ಟ್ರು ಒಳ್ಳೇ ವಿದ್ಯಾರ್ಥಿಯ ಹಾಗೆ ತಲೆಯಾಡಿಸಿದರು.

ಮಧ್ಯಾಹ್ನ ಇಕ್ಬಾಲನ ಫೋನ್. "ಟ್ಯೂಬ್ ನೀರಲ್ಲಿ ಮುಳುಗ್ಸಿ ನೋಡ್ದೆ ಅಕ್ಕ, ತೂತೇ ಇಲ್ಲ. ಎಲ್ಲಿ ಚುಚ್ಚಿದ್ದು ಅಂತ ಮೇಷ್ಟ್ರನ್ನ ಸ್ವಲ್ಪ ಕೇಳಿ."

ಕೇಳಿದೆ. ಮೇಷ್ಟ್ರು ಗೋಡೆ ಕಡೆ ತಿರುಗಿ ಮಲಗಿ, "ಇದಕ್ಕಿಂತ ದೊಡ್ಡ ಫ್ರೀವೀಲ್ ಇದ್ಯಾ ಕೇಳು" ಎಂದರು.

ಸುಸ್ತಾಯಿತು ಎಂಬ ಒಂದು ಮಾತು ಈ ಗಂಡಸರ ಬಾಯಿಂದ ಹೊರಡಬೇಕಾದರೆ, ಎಷ್ಟು ಹಲ್ಲಿನ ಫ್ರೀವೀಲ್ ಹಾಕಿಸಬೇಕು ನೀವೇ ಹೇಳಿ?