ಪಶ್ಚಾತ್ತಾಪಕ್ಕೆ ಐದು ಅಂಕ

ಕೇಳಿ ಮಹನೀಯರೇ, ಇವತ್ತು ನಮ್ಮ ಏಳನೇ ತರಗತಿಯ ಮಕ್ಕಳೆಲ್ಲ ಕಿತ್ತಳೆ ಕಳ್ಳರಾದರು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಮೈಸೂರು ಕಡೆಯಿಂದ ನಮ್ಮ ಕೊಡಗಿನ ಶಾಲೆಗೆ ಬಂದವರು ನಮ್ಮ ಹೆಡ್ಮಾಸ್ಟರು. ‘ನನ್ನ ತಪ್ಪು, ನಾನು ಕಲಿತ ಪಾಠ’ ಎಂಬ ಪ್ರಬಂಧ ಕೊಟ್ಟು, ಅಂಕ ಹಂಚುವ ಕ್ರಮವನ್ನೂ ಬೋರ್ಡಿನ ಮೇಲೆ ಬರೆದರು: ತಪ್ಪಿಗೆ ಎರಡು, ಪಾಠಕ್ಕೆ ಮೂರು, ಪಶ್ಚಾತ್ತಾಪಕ್ಕೆ ಐದು. ಮಕ್ಕಳೇನು ದಡ್ಡರೇ? ಎಲ್ಲರೂ ಕಿತ್ತಳೆ ಕದ್ದು ಗಳಗಳನೆ ಅತ್ತಿದ್ದರು. ಸ್ವಂತ ಕಿತ್ತಳೆ ತೋಟ ಇರುವ ಹುಡುಗನೂ ಪಕ್ಕದ ತೋಟಕ್ಕೆ ನುಗ್ಗಿದ್ದ!

ಪೂವಮ್ಮ ಎಂಬ ಹುಡುಗಿ ಮಾತ್ರ ಹೀಗೆ ಬರೆದಿದ್ದಳು: “ಕದ್ದೆ. ಹಣ್ಣು ಸಿಹಿಯಾಗಿತ್ತು. ಪಶ್ಚಾತ್ತಾಪ ಇನ್ನೂ ಬಂದಿಲ್ಲ. ಬಂದ ಕೂಡಲೇ ತಿಳಿಸುತ್ತೇನೆ.”

ಸ್ಟಾಫ್ ರೂಮಿನಲ್ಲಿ ಕೂತು ಹೆಡ್ಮಾಸ್ಟರು ಪಶ್ಚಾತ್ತಾಪದ ಐದಕ್ಕೆ ಸೊನ್ನೆ ಸುತ್ತಿದರು.

“ನಿಜ ಬರೆದಿದ್ದಾಳಲ್ಲ ಸಾರ್?” ಎಂದೆ, ಆ ತರಗತಿಯ ಮೇಷ್ಟ್ರಾದ ನಾನು.

“ನಿಜಕ್ಕೆ ಅಂಕವೇ ಇಟ್ಟಿಲ್ವಲ್ಲ ಸ್ವಾಮಿ!”

ಡ್ರಿಲ್ ಮಾಸ್ಟರ್ ಕುಟ್ಟಪ್ಪನವರು ಕಾಫಿ ಲೋಟ ಕುಕ್ಕಿದರು. “ಹಂದಿ ಬೇಟೆ ಆದ್ರೆ ಗುಂಡು ಹೊಡೆದವನಿಗೆ ಮಾತ್ರ ಅಲ್ಲ ಸಾರ್, ಜೊತೆಗೆ ಓಡಿದ ನಾಯಿಗೂ ನಾವು ಕೊಡಗಿನವರು ಮಾಂಸದಲ್ಲಿ ಪಾಲು ಕೊಡ್ತೇವೆ. ಈ ಹುಡುಗಿ ನಾಯಿಗಿಂತ ಕಡೆಯಾ?”

ಮಾಂಸದ ಮಾತು ಇನ್ನೂ ಬೆಳೆಯುವ ಮೊದಲೇ ಸಸ್ಯಾಹಾರಿ ಹೆಡ್ಮಾಸ್ಟರು ಸೋತರು. ತರಗತಿಗೆ ಹೋಗಿ ಬೋರ್ಡಿನ ಮೇಲೆ ಪಶ್ಚಾತ್ತಾಪ ಅಳಿಸಿ, ಪ್ರಾಮಾಣಿಕತೆಗೆ ಐದು ಎಂದು ಬರೆದರು. ಪೂವಮ್ಮನ ಪ್ರಬಂಧವನ್ನೇ ಮಾದರಿಯಾಗಿ ಓದಿಸಿ, ಎಲ್ಲರಿಗೂ ಮತ್ತೆ ಬರೆಯಲು ಹೇಳಿದರು.

ಸಂಜೆ ಗಂಟೆ ಹೊಡೆಯುವಷ್ಟರಲ್ಲಿ ಹೊಸ ಪ್ರಬಂಧಗಳು ಬಂದವು. ಎಲ್ಲರ ಹಣ್ಣೂ ಸಿಹಿ. ಪಶ್ಚಾತ್ತಾಪ ಯಾರಿಗೂ ಬಂದಿಲ್ಲ, ಬಂದ ಕೂಡಲೇ ತಿಳಿಸುತ್ತಾರಂತೆ.

ಸದ್ಯಕ್ಕೆ ಶಾಲೆಯಲ್ಲಿ ಪಶ್ಚಾತ್ತಾಪ ಪಡುತ್ತಿರುವವರು ಹೆಡ್ಮಾಸ್ಟರು ಒಬ್ಬರೇ. ಅವರಿಗೆ ಅಂಕ ಕೊಡುವವರಿಲ್ಲ.