ಮಗ್ಗ ನಿಲ್ಲಿಸಿ ಕೊಟ್ಟ ಪರೀಕ್ಷೆ

ಕರೆಂಟು ಹೋಗಬಹುದಿತ್ತು. ನೆಟ್‌ವರ್ಕು ಕೈಕೊಡಬಹುದಿತ್ತು. ಬೆನ್ನ ಹಿಂದೆ ಒಣಗಲು ಹಾಕಿದ ನನ್ನ ಬನಿಯನ್ ಬೆಂಗಳೂರಿನ ಮೇಡಂ ಕಣ್ಣಿಗೆ ಬೀಳಬಹುದಿತ್ತು. ಚಿತ್ರದ ಬಗ್ಗೆ ಕೇಳಿದರೆ ಬಾಯಿಗೆ ಬೀಜಗಣಿತದ ಸೂತ್ರ ಬರಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಓಣಿ ನಗಬಹುದಿತ್ತು.

ಇವತ್ತು ಬೆಳಿಗ್ಗೆ ಎದುರುಮನೆಯ ಪವರ್‌ಲೂಮುಗಳು ಗಕ್ಕನೆ ನಿಂತಾಗ ಹೋದ ವರ್ಷದ ಆ ಭಯವೆಲ್ಲ ಸಾಲಾಗಿ ನೆನಪಿಗೆ ಬಂತು.

ನಾನು ಬನಹಟ್ಟಿಯವ, ನೇಕಾರರ ಮನೆಯವ. ದಿನಾ ಬಸ್ಸು ಹತ್ತಿ ಜಮಖಂಡಿಗೆ ಹೋಗಿ ಗಣಿತ ಕಲಿಸಿ ಬರುತ್ತೇನೆ. ಒಂದೇ ಉತ್ತರವಿರುವ ಪ್ರಶ್ನೆಗಳ ಜೊತೆ ಅರ್ಧ ಆಯುಷ್ಯ ಕಳೆದ ಮೇಲೆ ಬೇರೆ ಏನಾದರೂ ಬೇಕೆನಿಸುತ್ತದೆ ನೋಡಿ. ಆನ್‌ಲೈನಿನಲ್ಲಿ ಆಧುನಿಕ ಚಿತ್ರಕಲೆಯ ಇತಿಹಾಸದ ಕೋರ್ಸಿಗೆ ಹೆಸರು ಹಚ್ಚಿದೆ. ಬಸ್ಸಿನಲ್ಲಿ ಇಯರ್‌ಫೋನು ಹಾಕಿ ಕಣ್ಣುಮುಚ್ಚಿ ಪಾಠ ಕೇಳುವಾಗ ಪಕ್ಕದವರು ಭಜನೆ ಎಂದುಕೊಂಡು ಗೌರವದಿಂದ ಸರಿದು ಕೂಡುತ್ತಿದ್ದರು. ನಾನೂ ತಿದ್ದಲಿಲ್ಲ. ನರೆತ ತಲೆಯ ಗಣಿತದ ಮಾಸ್ತರ ಚಿತ್ರ ಕಲಿಯುತ್ತಾನೆಂದು ಹೇಳಲು ನಾಚಿಕೆ. ಗೊತ್ತಿದ್ದವಳು ಹೆಂಡತಿ ಒಬ್ಬಳೇ.

ಕೊನೆಗೆ ಒಂದು ಭಾನುವಾರ ವಿಡಿಯೋ ಕರೆಯಲ್ಲಿ ಮೌಖಿಕ ಪರೀಕ್ಷೆ. ಕನ್ನಡದಲ್ಲೇ ಮಾತಾಡಬಹುದು ಎಂದರು ಬೆಂಗಳೂರಿನಿಂದ ಪಾಠ ಮಾಡುವ ಮೇಡಂ. ಆದರೆ ಮಗ್ಗದ ಸದ್ದು? ಹೆಂಡತಿ ಎದುರುಮನೆಯ ಮಲ್ಲಪ್ಪ ಕಾಕಾನ ಬಳಿ ಹೋದಳು.

“ಕಾಕಾ, ಒಂದ್ ಹದಿನೈದು ನಿಮಿಷ ಮಗ್ಗ ಬಂದ್ ಮಾಡ್ತೀರೇನ್ರಿ? ನಮ್ಮ ಮನಿಯವರದು ಪರೀಕ್ಷಾ ಐತಿ.”

“ಈ ವಯಸ್ಸಿನ್ಯಾಗ ಎಂಥಾ ಪರೀಕ್ಷಾ ಬೇ ತಂಗಿ? ಸಕ್ಕರಿ ಕಾಯಿಲಿದೇನ?”

“ಸಾಲಿದು ಏನೋ ಐತ್ರಿ,” ಎಂದು ಜಾರಿಕೊಂಡಳು.

ಕಾಕಾ ಅಕ್ಕಪಕ್ಕದವರಿಗೂ ಹೇಳಿ ಮಗ್ಗ ನಿಲ್ಲಿಸಿದ. ಮುಖದ ಮೇಲೆ ಬೆಳಕು ಬೀಳಲೆಂದು ಕಿಟಕಿ ತೆರೆದಿಟ್ಟು ನಾನು ಮಾತು ಶುರುಮಾಡಿದೆ. ಮಗ್ಗದ ಮನೆಯಲ್ಲಿ ಬೆಳೆದವರಿಗೆ ಒಂದು ರೂಢಿ ಇರುತ್ತದೆ: ಸದ್ದನ್ನು ಮೀರಿ ಕೂಗಿಯೇ ಮಾತಾಡುತ್ತೇವೆ. ಸದ್ದು ನಿಂತರೂ ಗಂಟಲು ಇಳಿಯುವುದಿಲ್ಲ. ಆ ನಿಶ್ಶಬ್ದದಲ್ಲಿ, ಗಿಡ, ಮನೆ, ಮನುಷ್ಯರನ್ನು ಬರೆಯುತ್ತಿದ್ದ ಒಬ್ಬ ಚಿತ್ರಕಾರ ಒಂದೊಂದನ್ನೇ ಬಿಡುತ್ತ ಬಂದು ಕಡೆಗೆ ಎರಡೇ ಬಣ್ಣ ಉಳಿಸಿಕೊಂಡ ಕಥೆಯನ್ನು ಇಡೀ ಓಣಿಗೆ ಕೂಗಿ ಹೇಳಿದೆ.

“ತುಂಬಾ ಸ್ಪಷ್ಟವಾಗಿ ಕೇಳಿಸಿತು ಸರ್, ಪಾಸಾಗಿದ್ದೀರಿ,” ಎಂದರು ಮೇಡಂ.

ಬೆವರು ಒರೆಸಿಕೊಳ್ಳುತ್ತ ಹೊರಗೆ ಬಂದರೆ ನಮ್ಮ ಕಟ್ಟೆಯ ಮೇಲೆ ನಾಲ್ಕೈದು ಮಂದಿ. ನಡುವೆ ಮಲ್ಲಪ್ಪ ಕಾಕಾ. ಮುಗಿಯಿತು ನನ್ನ ಮರ್ಯಾದೆ ಎಂದುಕೊಂಡೆ.

“ಮಾಸ್ತರ, ಅಂವಾ ಮನಷ್ಯಾರನ್ನ ಯಾಕ ಬಿಟ್ಟಾ?” ಎಂದ ಕಾಕಾ. ಯಾರೂ ನಗಲಿಲ್ಲ.

“ಗೊತ್ತಿಲ್ಲ ಕಾಕಾ. ಒಬ್ಬೊಬ್ಬರು ಒಂದೊಂದು ಹೇಳ್ತಾರ.”

ಕಾಕಾ ತನ್ನ ಮನೆಯ ಬಾಗಿಲ ಕಡೆ ನೋಡಿದ. ಅವನ ಹೆಂಡತಿ ತೀರಿಹೋಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. “ಯಾರನ್ನ ಬರಿಯಾಕ ಕುಂತ್ರೂ ಒಬ್ಬರದ ಮಾರಿ ಕಣ್ಣಮುಂದ ಬರತಿರಬೇಕು. ಅದಕ್ಕ ಬಿಟ್ಟಾನ,” ಎಂದ. ಆಮೇಲೆ, “ಆ ಎರಡು ಬಣ್ಣ ಯಾವುವು? ತೋರ್ಸು.”

ಫೋನು ತಂದು ತೋರಿಸಿದೆ. ಕಾಕಾ ಬಹಳ ಹೊತ್ತು ನೋಡಿದ. ಹೆಂಡತಿ ಎಲ್ಲರಿಗೂ ಚಹಾ ತಂದಳು.

ಇವತ್ತು ಮಗ್ಗ ನಿಂತದ್ದೂ ಕರೆಂಟು ಹೋಗಿ ಅಲ್ಲ, ಚಿತ್ರ ನೋಡಲೆಂದು ಕಾಕಾನೇ ನಿಲ್ಲಿಸಿದ್ದು. ನಮ್ಮ ಕಿಟಕಿಯ ಹತ್ತಿರ ಬಂದು, “ಇವತ್ತ ಯಾರ ಚಿತ್ರ ಐತಿ ಮಾಸ್ತರ?” ಎಂದು ಕೇಳುತ್ತಿದ್ದಾನೆ. ನನಗೆ ಈಗ ನಾಚಿಕೆಯಿಲ್ಲ. ಫೋನು ಹಿಡಿದು ಹೊರಟಿದ್ದೇನೆ.

ಆ ಭಾನುವಾರ ನಾನು ಹೆದರಿದ್ದರಲ್ಲಿ ಯಾವುದೂ ಆಗಲಿಲ್ಲ. ತಪ್ಪಿದ್ದು ಇಷ್ಟೇ: ಹೇಳಿದ ಹದಿನೈದು ನಿಮಿಷ ಮುಗಿದರೂ ಕಾಕಾನ ಮಗ್ಗ ಶುರುವಾಗಲಿಲ್ಲ.